ಬಾಯಿ ಬಿಡುವುದು

ರಾತ್ರಿ ಪಾಳಿ. ಕೌಂಟಿ ಕಚೇರಿಯ ನೆಲಮಾಳಿಗೆ.
ಮೂರು ಪರದೆ, ಒಂದು ಹೆಡ್‌ಫೋನು, ಆರಿದ ಕಾಫಿ.
ಹನ್ನೊಂದೂವರೆಗೆ ಯಾರೋ ಮುದುಕಿಯ ಫೋನು:
ಹಳೇ ತಾಮ್ರದ ಗಣಿ ಹತ್ತಿರ ಬೆಂಕಿ ಹಾಕಿದ್ದಾರೆ,
ಹುಡುಗರ ಕೇಕೆ, ನನ್ನ ನಾಯಿಗೆ ನಿದ್ದೆಯಿಲ್ಲ.
ನಾನೇ ಕಳಿಸಿದೆ ಹೌಟಲಾನ ಗಾಡಿಯನ್ನು.
ಅದು ನನ್ನ ಕೆಲಸ.

ಹನ್ನೆರಡಕ್ಕೆ ರೇಡಿಯೋ ಕೆರೆಯಿತು.
ಒಂದೊಂದೇ ಹೆಸರು, ಹುಟ್ಟಿದ ದಿನ,
ಕುಟ್ಟುತ್ತಾ ಹೋದೆ.
ನಾಲ್ಕನೆಯದಕ್ಕೆ ಅವನು ಕೆಮ್ಮಿದ, ತಡೆದ.
ನನ್ನ ಮಗನಿಗೆ ಮೀನು ಸೀಳುವುದು ಕಲಿಸಿದವನು
ಆಮೇಲೆ ಅಕ್ಷರ ಬಿಡಿಸಿ ಹೇಳಿದ, ಗುರುತಿಲ್ಲದವನ ಹಾಗೆ:
ಎನ್, ಐ, ಇ...
ಎಂ ಅನ್ನುವ ಮೊದಲೇ ನನ್ನ ಬೆರಳು ಮುಗಿಸಿತ್ತು.
ಹುಟ್ಟಿದ ದಿನ ಓದತೊಡಗಿದ.
ಗೊತ್ತು ಅನ್ನಲಿಲ್ಲ ನಾನು.
ಮಾರ್ಚಿನ ಹಿಮಗಾಳಿ, ಹತ್ತೊಂಬತ್ತು ತಾಸಿನ ಬೇನೆ,
ಹಿಮ ತಳ್ಳುವ ಲಾರಿಯ ಬೆನ್ನು ಹಿಡಿದು ಆಸ್ಪತ್ರೆಗೆ,
ಎಲ್ಲವೂ ಎಂಟು ಅಂಕಿಯಲ್ಲಿ ಹಿಡಿಸಿತು.
"ಹಿಂದಿನದು ಏನಾದರೂ ಇದೆಯೇ ದಾಖಲೆಯಲ್ಲಿ?"
"ಏನೂ ಇಲ್ಲ," ಅಂದೆ.
ದನಿ ನಡುಗಲಿಲ್ಲ. ಟೇಪಿನಲ್ಲಿದೆ, ಬೇಕಾದರೆ ಕೇಳಿ.

ಬೆಳಗ್ಗೆ ಅಡಿಗೆಮನೆಯಲ್ಲಿ ಆರ್ವೋ ಕೂತಿದ್ದ.
ಹಳದಿ ಚೀಟಿ ಉಪ್ಪಿನ ಡಬ್ಬಿಯ ಕೆಳಗೆ.
ಫೋನಿನಲ್ಲಿ ಅವನ ಚಿಕ್ಕಪ್ಪ, ಮಾರ್ಕೆಟ್ಟಿನ ವಕೀಲ:
ಹೆಸರು ಹೇಳಬೇಕು, ಕೈ ಕಾಣುವ ಹಾಗೆ ಇಡಬೇಕು,
ಓಡಬಾರದು, ವಾದಿಸಬಾರದು,
ಆಮೇಲೆ ಬಾಯಿ ಬಿಡಕೂಡದು.
ಎರಡು ಕುಡಿದೆ ಸಾರ್ ಅಂತ
ಯಾರಾದರೂ ತಾವಾಗಿ ಒಪ್ಪಿಕೊಳ್ಳುತ್ತಾರೆಯೇ, ಹೆಲ್ವಿ?
ಇದನ್ನು ಅವನಿಗೆ ಕಲಿಸಿದವರು ಯಾರು?

ನಾನು.
ಚಮಚ ಹಿಡಿದು, ಬಾಯಿ ಬಿಡು ಅಂದೆ.
ಒಡೆದ ಕಿಟಕಿಯ ಮುಂದೆ ನಿಲ್ಲಿಸಿ, ಬಾಯಿ ಬಿಡು ಅಂದೆ.
ನಿನ್ನೆ ರಾತ್ರಿ ಟಾರ್ಚು ಹಿಡಿದು, ಕೊಳವೆ ಮುಂದೊಡ್ಡಿ
ಹೌಟಲಾ ಅಂದದ್ದೂ ಅದೇ.
ಹುಡುಗ ಬಿಟ್ಟ.
ಅಭ್ಯಾಸವಾಗಿ ಹೋಗಿತ್ತು.

ಒಂದಕ್ಕೆ ಮಾತ್ರ ಬಿಡಲಿಲ್ಲವಂತೆ.
ಚೀಟಿಯಲ್ಲಿ ಒಂದು ಗೆರೆ ಖಾಲಿ: ಎಲ್ಲಿಂದ ಸಿಕ್ಕಿತು.
ಮೂರು ಸಲ ಕೇಳಿದೆ, ಕಲ್ಲು ಮಾರಾಯ್ತಿ, ಕಲ್ಲು,
ಅಂದಿದ್ದ ಹೌಟಲಾ, ಪಾಳಿ ಮುಗಿದಾಗ, ನನ್ನ ಮುಖ ನೋಡದೆ.
ನಾನೂ ಕೇಳಿದೆ. ಬೈದೆ. ಗಾಡಿಯ ಕೀಲಿ ಕಿತ್ತುಕೊಂಡೆ.
ಯಾರ ಅಣ್ಣ ತಂದುಕೊಟ್ಟ? ಆ ಪೆಲ್ಕಿಯ ಹುಡುಗನೇ?
ಅವನು ಉಪ್ಪಿನ ಡಬ್ಬಿಯನ್ನು ಒಂದು ಸುತ್ತು ತಿರುಗಿಸಿದ.
ಇನ್ನೊಂದು ಸುತ್ತು.

ಕಸ ಹೊರಗಿಡಲು ಗ್ಯಾರೇಜಿಗೆ ಹೋದೆ.
ಹಳೇ ಫ್ರಿಜ್ಜು ಗುರ್ ಅನ್ನುತ್ತಿತ್ತು.
ಎರೆಹುಳುವಿನ ಡಬ್ಬಿಯ ಹಿಂದೆ ನನ್ನ ಹನ್ನೆರಡರ ಪೆಟ್ಟಿಗೆ,
ಪಾಳಿ ಮುಗಿಸಿ ಬಂದಾಗ ಒಂದಿರಲಿ ಎಂದು ಇಟ್ಟದ್ದು.
ಎಣಿಸಿದೆ.
ಕೈ ಒಳಗೆ ಹಾಕಿ ಮತ್ತೆ ಎಣಿಸಿದೆ.
ಆರು ಇಲ್ಲ. ಆ ಜಾಗದಲ್ಲಿ ಮಡಿಸಿದ ಐದು ಡಾಲರಿನ ನೋಟು,
ತಣ್ಣಗಾಗಿ, ಎಲೆಯ ಹಾಗೆ.

ದಂಡ ನೂರು ಡಾಲರು. ಕಟ್ಟಿದೆ,
ಬೇಸಿಗೆಯ ಹುಲ್ಲು ಕತ್ತರಿಸಿದ ಅವನ ದುಡ್ಡಿನಿಂದಲೇ.
ಆ ಐದನ್ನು ಇನ್ನೂ ಮುರಿಸಿಲ್ಲ.

ಗುರುವಾರ ಪೆಟ್ರೋಲ್ ಬಂಕಿನಲ್ಲಿ ಹೌಟಲಾ ಸಿಕ್ಕ.
ಯೂನಿಫಾರ್ಮಿನಲ್ಲಿ ಇರಲಿಲ್ಲ; ಮಗಳ ಸ್ಕೇಟು ಭುಜದ ಮೇಲೆ.
ಹಿಮ ಈ ಸಲ ಬೇಗ ಅಂದ. ಹೌದು ಅಂದೆ.
ಆಮೇಲೆ, ಟೋಪಿ ಸರಿಮಾಡಿಕೊಳ್ಳುತ್ತಾ:
"ಹುಡುಗ ಹೇಳಿದನೇ, ಎಲ್ಲಿಂದ ಅಂತ?"
ಮೀಟರಿನ ಅಂಕಿ ಓಡುತ್ತಿತ್ತು.
ವಕೀಲನ ಮಾತು ನೆನಪಿತ್ತು, ಅಕ್ಷರ ಬಿಡದೆ.
ಕೈ ಕಾಣುವ ಹಾಗೆಯೇ ಇತ್ತು.
ಬಾಯಿ ಬಿಟ್ಟೆ.
ಮೊದಲು ಬಂದದ್ದು ಬರೀ ಬಿಳಿ ಉಸಿರು,
ಅವನು ಕಾದ.